ಕತ್ತಿ ಹಿಡಿದಾಗ ನಡುಗದ ಕೈ

ಕೋಣನಕುಂಟೆಯ ಹಳೇ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರಿನೊಳಗೆ ಕ್ಷೌರಿಕ ಮುತ್ತುರಾಜ ಕೆಂಪು ಬಲೂನೊಂದನ್ನು ಊದಿ, ಸೋಪಿನ ನೊರೆ ಬಳಿದು, ಕತ್ತಿಯಿಂದ ಮೆಲ್ಲಗೆ ಕೆರೆಯುತ್ತಿದ್ದಾರೆ. ಬಲೂನು ಉಳಿದರೆ ಇವತ್ತು ಗಡ್ಡ ಮಾಡುತ್ತಾರೆ. ಒಡೆದರೆ ಬರೀ ಕಟಿಂಗ್. ಈಚೆಗೆ ಒಡೆಯುವ ದಿನಗಳೇ ಹೆಚ್ಚು.

"ಕೆಲ್ಸ ಕಲಿಯೋವಾಗ ನಮ್ಮಪ್ಪ ಹಿಂಗೇ ಬಲೂನ್ ಕೊಟ್ಟಿದ್ರು ಸಾರ್. ಅರವತ್ತು ದಾಟಿದ್ಮೇಲೆ ಮತ್ತೆ ಒಂದನೇ ಕ್ಲಾಸು," ಎಂದು ನನ್ನತ್ತ ನೋಡಿ ನಗುತ್ತಾರೆ. ಆ ನಗುವೂ ಅರ್ಧಕ್ಕೇ ನಿಲ್ಲುತ್ತದೆ. ಮುಖದ ಸ್ನಾಯುಗಳನ್ನೂ ಕಾಯಿಲೆ ಬಿಗಿಹಿಡಿದಿದೆ.

ಕಾಯಿಲೆಯ ಹೆಸರು ಪಾರ್ಕಿನ್ಸನ್. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದಾಗ, ಅವರು ಗಮನಿಸಿದ್ದ ಆರು ಮಂದಿಯಲ್ಲಿ ಕೆಲವರು ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ನಮ್ಮ ಆಯುರ್ವೇದ ಇಂಥ ನಡುಕವನ್ನು ಕಂಪವಾತವೆಂದು ಕರೆದು ನಸುಗುನ್ನಿ ಬೀಜ ಕೊಡುತ್ತಿತ್ತು; ಇಂದಿನ ಮಾತ್ರೆಯ ಲೆವೊಡೋಪ ಆ ಬೀಜದಲ್ಲೂ ಇದೆ. ಮೈಯ ಚಲನೆಯನ್ನು ಹದವಾಗಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ಮಿದುಳಿನಲ್ಲಿ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಮಾತ್ರೆ ಆ ಕೊರತೆ ತುಂಬುತ್ತದೆಯೇ ಹೊರತು ಸತ್ತ ಕೋಶವನ್ನು ಬದುಕಿಸಲಾರದು.

ಇನ್ನೊಂದು ವಿಚಿತ್ರವಿದೆ. ಬಹಳ ಮಂದಿಗೆ ಈ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ಎತ್ತಿದರೆ ಕಡಿಮೆ. ಗಿರಾಕಿಗಳು ಕಂಡದ್ದು ಬೆಂಚಿನ ಮೇಲೆ ಕೂತ ಮುತ್ತುರಾಜರ ತೊಡೆಯ ಮೇಲೆ ಕುಣಿಯುವ ಬಲಗೈಯನ್ನು. ಬೆಳಿಗ್ಗೇನೇ ಎಣ್ಣೆ ಹಾಕ್ತಾನೆ ಅಂದರು. ಒಂದು ಹನಿಯೂ ಮುಟ್ಟದ ಮನುಷ್ಯನ ಬಗ್ಗೆ! ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಒಬ್ಬೊಬ್ಬರಾಗಿ ಎದುರಿನ ಎಸಿ ಸಲೂನಿಗೆ ದಾಟಿದರು.

"ಒಂದ್ಸಲ ಕುರ್ಚಿ ಮೇಲೆ ಕೂತಿದ್ರೆ ಗೊತ್ತಾಗ್ತಿತ್ತು ಸಾರ್, ಕತ್ತಿ ಹಿಡಿದ್ರೆ ಕೈ ಗಟ್ಟಿ ಅಂತ. ಯಾರೂ ಕೂರ್ಲಿಲ್ಲ," ಎನ್ನುತ್ತಾರೆ. ಈಗ ಕೂತರೂ ತಡವಾಯಿತು. ಕಾಯಿಲೆ ಬಲಿತಂತೆ ಕೆಲಸದ ಕೈಯನ್ನೂ ಬಿಡುತ್ತಿಲ್ಲ.

ಬಿಟ್ಟುಹೋಗದೆ ಈಗಲೂ ಗಡ್ಡಕ್ಕೆ ಬರುವವರು ಪಿಳ್ಳಪ್ಪ ಒಬ್ಬರೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿರುವ ಹಿರಿಯರು. ಇವತ್ತೂ ಬಂದು, ಹೇಳಿಸಿಕೊಳ್ಳದೆ ಟವೆಲು ಹೊದ್ದು ಕುರ್ಚಿಯಲ್ಲಿ ಕೂತಿದ್ದಾರೆ. ಮುತ್ತುರಾಜ ಬಲೂನಿನ ಕೊನೆಯ ನೊರೆಗೆ ಕತ್ತಿ ತರುತ್ತಾರೆ.

ಫಟ್! ನೊರೆ ಕನ್ನಡಿಗೆ ಸಿಡಿಯುತ್ತದೆ.

"ನನ್ ಕೆನ್ನೆ ಏನ್ ಬಲೂನಾ? ಬಾರೋ ಮುತ್ತಾ, ಮಾಡು," ಎಂದು ಪಿಳ್ಳಪ್ಪ ಕತ್ತು ಎತ್ತಿ ಕೊಡುತ್ತಾರೆ.

ಮುತ್ತುರಾಜ ಕತ್ತಿ ಒರೆಸಿ ಮಡಚುತ್ತಾರೆ.

"ಬೇಡ ಪಿಳ್ಳಪ್ಪಣ್ಣ. ಇಷ್ಟ್ ವರ್ಷ ಒಬ್ಬರ ಕೆನ್ನೇಲೂ ರಕ್ತ ಬಂದಿಲ್ಲ. ಮೊದಲ್ನೇದು ನಿಮ್ಮದಾಗೋದು ಬೇಡ."