ಒಲೆ ಹೊತ್ತಿಸಬಾರದ ದಿನ

ಮೂವತ್ತೆರಡರ ಗಂಡಸಿಗೆ ಕಾಲ್ಮಡಿಯುವುದನ್ನು, ಅಂದರೆ ಉಚ್ಚೆ ಹೊಯ್ಯುವುದನ್ನು, ಇನ್ನೊಬ್ಬ ಗಂಡಸು ಎದುರು ನಿಂತು ಕಲಿಸಿಕೊಟ್ಟ ಊರು ದಾಂಡೇಲಿ. ಇಲ್ಲಿಗೆ ಬರುವಾಗ ನಾನು ಕಾಡಿಗೆ ಹೆದರಿದ್ದೆ, ಹುಲಿಗೆ ಹೆದರಿದ್ದೆ. ಕಡೆಗೆ ನಿಜವಾಗಿ ಹೆದರಿದ್ದು ಮೊಳದುದ್ದದ ಒಂದು ಕೆಂಪು ರಬ್ಬರ್ ನಳಿಗೆಯನ್ನು ಕಂಡು.

ನಮ್ಮದು ನವಲಗುಂದದ ಕಡೆಯ ಎರೆಭೂಮಿ. ಹೊಸ್ತಿಲು ದಾಟಿದರೆ ಹತ್ತಿ ಹೊಲ, ಅದರಾಚೆ ಬರೀ ಆಕಾಶ. ಇಲ್ಲಿ ಮನೆಯ ಹಿಂದೆಯೇ ಬಿದಿರು ಶುರು. ನಾಲ್ಕು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಕಾಗದದ ಗಿರಣಿಗೆ ಬರುವ ಬಿದಿರನ್ನು ಒಟ್ಟುವ ಕೆಲಸ ನನ್ನದು. ರಾಶಿ ಸರಿಯಾಗಿ ಕೂತಿಲ್ಲವೆಂದು ಗೊತ್ತಿದ್ದೂ ಒಂದು ದಿನ ಹತ್ತಿದೆ. ಜಾರಿದೆ, ಮೇಲಿನ ಕಟ್ಟು ಬೆನ್ನಿನ ಮೇಲೆ ಬಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ, ನನ್ನ ಸೊಕ್ಕಿನದು. ಸತ್ತಂತಾಗಿದ್ದ ಕಾಲು ಮೂರು ತಿಂಗಳಿಗೆ ಮರಳಿ ಬಂದವು. ಕಾಲ್ಮಡಿ ಮಾತ್ರ ಬರಲಿಲ್ಲ. ಹೊಟ್ಟೆ ತುಂಬಿ ಕಲ್ಲಾಗುತ್ತಿತ್ತು, ಬೆವರು ಇಳಿಯುತ್ತಿತ್ತು, ಹನಿ ಇಳಿಯುತ್ತಿರಲಿಲ್ಲ.

ದವಾಖಾನೆಯ ಕಂಪೌಂಡರ್ ಕೊಂಕಣಿ ಮಾತಿನವರು. ಗೋವಾ ಇನ್ನೂ ಪೋರ್ತುಗೀಜರ ಕೈಯಲ್ಲಿದ್ದಾಗ ಅನಮೋಡ ಘಟ್ಟ ದಾಟಿ ಬಂದು ಜೋಯಿಡಾದಲ್ಲಿ ನೆಲೆ ನಿಂತ ಮನೆತನ. ನೀರಿಗೆ ಅವರು 'ಉದಾಕ್' ಎನ್ನುತ್ತಿದ್ದರು. ಕೈಗೆ ಸಾಬೂನು ಹಚ್ಚಿಸಿ, ನಳಿಗೆಯನ್ನು ನನ್ನ ಬೆರಳಿಗೇ ಕೊಟ್ಟು, ಉಚ್ಚೆಯ ದಾರಿಯಲ್ಲಿ ಅದನ್ನು ಒಳಗೆ ತೂರಿಸುವಾಗ ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ತೋರಿಸಿದರು.

"ಇನ್ನ ಇದು ಡಾಕ್ಟರ ಕೆಲಸ ಅಲ್ಲ, ನಿನ್ನ ಕೆಲಸ. ದಿನಕ್ಕ ನಾಕು ಸಲ. ಪ್ರತಿ ಸಲ ನಳಿ ಕುದೀಬೇಕು. ಉದಾಕ್ ಬಿಸಿ ಆದ್ರ ಸಾಲೂದಿಲ್ಲ, ಕುದೀಬೇಕು."

"ಎಷ್ಟ ದಿನಾರೀ?"

"ಇರೂತನಕ," ಎಂದರು.

ನಾನು ಅವರ ಮಾತನ್ನು ಅರ್ಧ ಕೇಳಿದೆ. ನಮ್ಮೂರಲ್ಲಿ ಕೆರೆಯ ನೀರನ್ನು ಎರಡು ಮಡಿಕೆ ಅರಿವೆಯಲ್ಲಿ ಸೋಸಿದರೆ ಅದು ಶುದ್ಧ, ದೇವರಿಗೂ ನಡೆಯುತ್ತದೆ. ಕುದಿಸುವುದು ಬಾಣಂತಿಗೆ. ಹಾಗಾಗಿ ಸೋಸಿದ ನೀರಲ್ಲಿ ನಳಿಗೆ ತೊಳೆದೆ, ಶ್ಯಾಣ್ಯಾ ಅಂತ ನನ್ನನ್ನೇ ಹೊಗಳಿಕೊಂಡೆ. ವಾರದೊಳಗೆ ಹಲ್ಲು ಕಟಕಟಿಸುವ ಚಳಿಜ್ವರ. ಹೆಂಡತಿ ಶಾಂತವ್ವ, ಗಂಡ ಎದ್ದರೆ ಉಳವಿಯ ಗುಡಿಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಳು. ನಾನು ಎದ್ದ ಮೇಲೆ ನಳಿಗೆಗೆಂದೇ ಒಂದು ಪಾತ್ರೆ ಬೇರೆ ಇಟ್ಟೆವು.

ದಾಂಡೇಲಿಯ ಮನೆ ಎಂದರೆ ಒಂದೂವರೆ ಖೋಲಿ. ಆದರೆ ಬಚ್ಚಲಿಗೆ ತಗಡಿನ ಬಾಗಿಲು, ಬಾಗಿಲಿಗೆ ಒಳಚಿಲಕ. ಊರಲ್ಲಿ ಅದಿಲ್ಲ. ಅಲ್ಲಿ ಗಂಡಸರು ಚರಿಗೆ ಹಿಡಿದು ಬೇಲಿಯ ಕಡೆ ಹೋಗುತ್ತಾರೆ, ಮಾತಾಡುತ್ತ ಸಾಲಾಗಿ ಕೂಡುತ್ತಾರೆ. ಆ ಸಾಲಿನಲ್ಲಿ ಡಬ್ಬಿ ತೆರೆದು ನಳಿಗೆ ಹೊರತೆಗೆಯಲೇ? ಎರಡು ವರ್ಷ ಊರಿಗೆ ಹೋಗಲಿಲ್ಲ. ಪಾಳಿ ಬಿಡುವುದಿಲ್ಲ, ರಜೆ ಇಲ್ಲ ಎಂದು ಬರೆದೆ. ಅವ್ವ ಅಣ್ಣನ ಕೈಯಲ್ಲಿ ಬರೆಸುತ್ತಿದ್ದಳು: "ಕಾಡು ನಿನ್ನ ನುಂಗೇತೇನು?"

ಮೂರನೆಯ ವರ್ಷ ತಂತಿ ಬಂತು: ಅವ್ವ ಹೋದಳು. ಇದ್ದದ್ದು ಒಂದೇ ನಳಿಗೆ. ಇನ್ನೊಂದು ಕುದಿಸಿ ಕುದಿಸಿ ಸೀಳಿತ್ತು. ಕುದಿಸಿ, ಅರಿವೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಶಾಂತವ್ವನ ಜೊತೆ ಹಳಿಯಾಳದ ಬಸ್ಸು ಹತ್ತಿದೆ. ಧಾರವಾಡದ ನಿಲ್ದಾಣದಲ್ಲಿ ಅದನ್ನು ಬಳಸಿದೆ. ನಾವು ಊರು ಮುಟ್ಟುವಷ್ಟರಲ್ಲಿ ಅವ್ವನ ಮಣ್ಣು ಮುಗಿದಿರುತ್ತದೆ, ಮತ್ತೆ ಕುದಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿದ್ದೆ.

ಮುಗಿದಿರಲಿಲ್ಲ. ಅವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಕೂಡಿಸಿ ವಿಭೂತಿ ಹಚ್ಚಿದ್ದರು, ಭಜನೆ ನಡೆದಿತ್ತು. ಮುಂಡಗೋಡಕ್ಕೆ ಕೊಟ್ಟ ತಂಗಿ ಬರುವತನಕ ಎತ್ತುವಂತಿಲ್ಲ. ಹೆಣ ಇರುವತನಕ ಮನೆಯಲ್ಲಷ್ಟೇ ಅಲ್ಲ, ಓಣಿಯಲ್ಲೇ ಒಲೆ ಹೊತ್ತಿಸುವುದಿಲ್ಲ. ಅವ್ವನ ಮುಖ ನೋಡುತ್ತ ಕೂತೆ. ಅಳು ಬರಬೇಕಾದ ಹೊತ್ತಿಗೆ ಕೆಳಹೊಟ್ಟೆ ತುಂಬಿ ಕಲ್ಲಾಗತೊಡಗಿತು. ಅಂಥಾ ಮಗ ನಾನು.

ಮೂರರ ಹೊತ್ತಿಗೆ ತಡೆಯಲಾಗದೆ ಅಣ್ಣನ ಹೆಂಡತಿಯನ್ನು ಹಿತ್ತಲಿಗೆ ಕರೆದೆ. ನನಗೆ ಹತ್ತು ವರ್ಷವಿದ್ದಾಗ ಈ ಮನೆಗೆ ಬಂದವಳು.

"ವೈನಿ, ಒಂದು ತಂಬಿಗಿ ನೀರು ಕುದಿಸಬೇಕಾಗೇತಿ."

"ಏ ಹುಚ್ಚಾ, ಅತ್ತಿ ಒಳಗ ಕುಂತಾಳ. ಒಲಿ ಹೆಂಗ ಹಚ್ಚಲಿ?"

ಡಬ್ಬಿ ತೆರೆದು ತೋರಿಸಿದೆ. ನಾಲ್ಕು ಮಾತಿನಲ್ಲಿ ಹೇಳಿದೆ. ಅವಳು ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿದಳು.

"ಅತ್ತಿಗೆ ಗೊತ್ತಿತ್ತೇನು?"

"ಇಲ್ಲ."

"ಎರಡು ವರ್ಷ ದಿನಾ ಬಾಗಲಾ ನೋಡ್ಕೋತ ಕುಂತಿದ್ದಳಲ್ಲೋ ಈರಪ್ಪ," ಎಂದಳು. ಮತ್ತೇನೂ ಕೇಳದೆ ದನದ ಕೊಟ್ಟಿಗೆಯಲ್ಲಿ ಮೂರು ಇಟ್ಟಿಗೆ ಹೂಡಿ ಬೆಂಕಿ ಹಚ್ಚಿದಳು.

ನೀರು ಕುದಿಯಿತು, ಹೊಗೆ ಮಾಳಿಗೆಯ ಮೇಲೆ ಎದ್ದಿತು. ಶಾಂತವ್ವ ಕಂಬಳಿಯನ್ನು ಬಾಗಿಲಿನಂತೆ ಹಿಡಿದು ನಿಂತಳು. ನಾನು ಎಮ್ಮೆಯ ಪಕ್ಕ ಕೂತು ನನ್ನ ಕೆಲಸ ಮುಗಿಸಿದೆ. ಡಬ್ಬಿ ಮುಚ್ಚುವಾಗ ಹೊಗೆ ಕಂಡು ಅಪ್ಪನ ತಮ್ಮ ಕಾಕಾ ಬಂದರು, ಹಿಂದೆ ಅಣ್ಣ.

"ಒಲಿ ಯಾರು ಹಚ್ಚಿದವರು?"

ವೈನಿ ತಲೆ ತಗ್ಗಿಸಿದಳು. ಹೆಣವಿರುವಾಗ ಒಲೆ ಹಚ್ಚಿದವಳೆಂಬ ಹೆಸರು ಹಿರಿಯ ಸೊಸೆಗೆ ಅಂಟಿದರೆ ಸಾಯುವತನಕ ಹೋಗುವುದಿಲ್ಲ. ನಿಜ ಹೇಳುವ ಬಾಯಿ ನನಗಿರಲಿಲ್ಲ.

"ನಾನಽ ಹಚ್ಚಿಸೇನಿ, ಕಾಕಾ. ಚಾ ಬೇಕಾಗಿತ್ತು."

"ತಾಯಿ ಮಣ್ಣಾಗೂತನಕ ತಡೀಲಿಲ್ಲೇನು?" ಎಂದ ಅಣ್ಣ. "ದಾಂಡೇಲಿ ಚಟ."

ಸುಳ್ಳಿಗೆ ಸಾಕ್ಷಿ ಬೇಕಲ್ಲ. ವೈನಿ ಬೇರೆ ನೀರಿಗೆ ಚಹಾಪುಡಿ, ಬೆಲ್ಲ ಹಾಕಿ ನನ್ನ ಕೈಗೆ ಬಟ್ಟಲು ಕೊಟ್ಟಳು. ಅವರಿಬ್ಬರ ಎದುರು ನಾನು ಅದನ್ನು ಪೂರ್ತಿ ಕುಡಿದೆ. ಒಳಗಿನ ಭಜನೆ ಅಲ್ಲಿಗೂ ಕೇಳುತ್ತಿತ್ತು.

ಈಗ ಊರಲ್ಲಿ ನಾನು ಚಾ ಈರಪ್ಪ. ದಾಂಡೇಲಿಯಲ್ಲಿ ಜೊತೆಗಾರರಿಗೆ ನಾನು ಗಿಡದ ಹೆಸರೇ ತಿಳಿಯದ ಎರೆಸೀಮೆಯವ. ಎರಡೂ ಕಡೆ ಬಾಡಿಗೆಗೆ ಇದ್ದವನ ಹಾಗೆ ಇದ್ದೇನೆ. ಅಣ್ಣ ನನ್ನೊಡನೆ ಮಾತಾಡುವುದು ಅಷ್ಟಕ್ಕಷ್ಟೇ.

ಹೋದ ವರ್ಷ ಹೋದಾಗ ಊರ ಮನೆಯ ಬಚ್ಚಲಿಗೆ ಹೊಸ ಕಟ್ಟಿಗೆಯ ಬಾಗಿಲು ಬಂದಿತ್ತು, ಒಳಗೆ ಚಿಲಕ. ಬರುವ ಸೊಸೆಗೆ ಬೇಕಾಗುತ್ತದೆ ಎಂದು ವೈನಿ ಅಣ್ಣನಿಗೆ ಹೇಳಿ ಹಾಕಿಸಿದಳಂತೆ. ಒಳಗೆ ಒಂದು ಮುಚ್ಚಿದ ತಂಬಿಗೆ ಇತ್ತು, ಕುದಿಸಿದ ನೀರು, ಇನ್ನೂ ಬಿಸಿ. ಚಿಲಕ ಹಾಕಿಕೊಂಡು ಕೂತೆ. ಈ ಬಾಗಿಲು ಮೊದಲೇ ಇದ್ದಿದ್ದರೆ ಎರಡು ವರ್ಷ ಅವ್ವನ ಕೈಯ ರೊಟ್ಟಿ ತಿಂದಿರುತ್ತಿದ್ದೆ. ಆಗ ಬರದ ಅಳು ಆವತ್ತು ಅಲ್ಲಿ ಬಂತು. ಹೊರಗೆ ಅಣ್ಣ ಯಾರಿಗೋ ಹೇಳುತ್ತಿದ್ದ: "ನಮ್ಮ ದಾಂಡೇಲಿಯಾಂವ ಬಂದಾನ, ಮೊದಲ ಚಾ ಇಡ್ರಿ."