ಒಂಬತ್ತು ಗಂಟೆಯ ಪಿಂಗ್

ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅವನನ್ನು ಎಲ್ಲರೂ 'ಎರಡು ಸಲ' ಎಂದೇ ಕರೆಯುತ್ತಿದ್ದೆವು. ಬೀಗ ಹಾಕಿದರೆ ಎರಡು ಸಲ ಜಗ್ಗುತ್ತಾನೆ, ಬಾಟಲಿಯ ಚೀಟಿಯನ್ನು ಎರಡು ಸಲ ಓದುತ್ತಾನೆ. ಮದುವೆ ಮಾತ್ರ ಒಂದು ಸಲವೂ ಆಗಲಿಲ್ಲ. ಹತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತ ನಾನು ಅವನ ಕೋಣೆಗೆ ಹೋದದ್ದು ಒಮ್ಮೆ. ಇದ್ದದ್ದು ಒಂದು ಕುರ್ಚಿ, ಒಂದು ತಟ್ಟೆ, ಒಂದೇ ಲೋಟ. ಲೋಟದ ಚಹಾ ನನಗೆ ಕೊಟ್ಟು ಅವನು ಪಾತ್ರೆಯಲ್ಲೇ ಕುಡಿದ.

ತನ್ನವರು ಅಂತ ಇದ್ದವಳು ಒಬ್ಬಳೇ ಅಕ್ಕ. ನಮ್ಮದೇ ಇಲಾಖೆ, ಇನ್ನೊಂದು ಊರಿನ ಕಚೇರಿ. ಅಮ್ಮ ತೀರಿಕೊಂಡಾಗ ಈ ಪುಣ್ಯಾತ್ಮ ರಜೆ ಕೇಳಲು ಹಿಂದೆಮುಂದೆ ನೋಡಿ ಒಂದು ದಿನ ತಡವಾಗಿ ಹೋದ. "ಇನ್ನು ನೀನು ನನ್ನ ತಮ್ಮ ಅಲ್ಲ" ಅಂದವಳು ಆರು ವರ್ಷ ಮಾತಾಡಲಿಲ್ಲ. ಇವನಿಗೂ ಫೋನ್ ಎತ್ತುವ ಧೈರ್ಯವಿಲ್ಲ. ಬದಲಿಗೆ ಒಂದು ಪ್ರೋಗ್ರಾಮ್ ಬರೆದ! ಅದು ಬೆಳಿಗ್ಗೆ ಒಂಬತ್ತಕ್ಕೆ ಪಿಂಗ್ ಎಂಬ ಆಜ್ಞೆಯನ್ನು ಕರೆಯುತ್ತದೆ. ಪಿಂಗ್ ಹೋಗಿ ಅಕ್ಕನ ಮೇಜಿನ ಕಂಪ್ಯೂಟರನ್ನು "ಇದ್ದೀಯಾ?" ಎಂದು ಕೇಳುತ್ತದೆ. ಅದು ಚಾಲೂ ಇದ್ದರೆ ಉತ್ತರ ಬಂದು, ಇವನ ಪರದೆಯ ಮೇಲೆ "ಅಕ್ಕ ಬಂದಿದ್ದಾಳೆ" ಎಂಬ ಸಾಲು ಮೂಡುತ್ತದೆ, ಇಲ್ಲದಿದ್ದರೆ "ಬಂದಿಲ್ಲ" ಎಂದು. ಆಮೇಲೆಯೇ ಇವನ ಕೆಲಸ ಶುರು.

ಕಳೆದ ತಿಂಗಳು ನಮ್ಮ ಕಂಪ್ಯೂಟರುಗಳಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರು. ಅವನು ಪ್ರೋಗ್ರಾಮನ್ನು ಇದ್ದ ಹಾಗೇ ತಂದು ಹಚ್ಚಿದ. ಹತ್ತಾಯಿತು, ಹನ್ನೊಂದಾಯಿತು, ಸಾಲು ಬರಲಿಲ್ಲ. ಹನ್ನೊಂದೂವರೆಗೆ ಅವನ ಮುಖ ಬಿಳಿಚಿಕೊಂಡಿತ್ತು.

"ಅಕ್ಕಂಗೆ ಏನೋ ಆಗಿದೆ ಕಣೋ."

"ಆಗಿದ್ರೆ 'ಬಂದಿಲ್ಲ' ಅಂತಾದ್ರೂ ಬರ್ಬೇಕಿತ್ತಲ್ವಾ? ತಡಿ ಮಾರಾಯ, ನೋಡೋಣ" ಎನ್ನುವಷ್ಟರಲ್ಲಿ ಫೋನ್ ಎತ್ತೇಬಿಟ್ಟ. ನಂಬರ್ ಬಾಯಿಪಾಠ. ಅಕ್ಕನ ಗಂಟಲು ದೊಡ್ಡದು, ನನಗೂ ಕೇಳಿಸಿತು.

"ಅಕ್ಕಾ, ನಾನು. ಹುಷಾರಾಗಿದ್ದೀಯಾ?"

"ಇಷ್ಟು ಕೇಳೋಕೆ ಆರು ವರ್ಷ ಬೇಕಾಯ್ತೇನೋ?"

"ದಿನಾ ಕೇಳ್ತಿದ್ದೆ ಅಕ್ಕಾ."

"ನಂಗೆ ಕೇಳಿಸ್ಲಿಲ್ಲ." ಇಟ್ಟುಬಿಟ್ಟಳು.

ಅಯ್ಯೋ ಪಾಪ ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಅದೇ ಆಜ್ಞೆಯನ್ನು ನಾನು ಕೈಯಿಂದ ಟೈಪ್ ಮಾಡಿ ನೋಡಿದೆ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕು ಸಲ ಕೇಳಿ ತಾನೇ ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ಎಷ್ಟು ಸಲ ಅಂತ ಹೇಳದಿದ್ದರೆ, ಯಾರಾದರೂ ನಿಲ್ಲಿಸುವವರೆಗೂ ಕೇಳುತ್ತಲೇ ಇರುತ್ತದೆ. ಅದು ಮುಗಿಸಲಿ ಎಂದು ಪ್ರೋಗ್ರಾಮ್ ಕಾಯುತ್ತಾ ಕೂತಿತ್ತು. ಪಿಂಗ್ ಸೆಕೆಂಡಿಗೊಂದರಂತೆ ಒಂಬತ್ತು ಸಾವಿರ ಸಲ ಕೇಳಿತ್ತು, ಅಷ್ಟೂ ಸಲ ಉತ್ತರ ಬಂದಿತ್ತು.

"ನಾಲ್ಕು ಅಂತ ಸೇರಿಸಿದ್ರೆ ಸರಿಹೋಗುತ್ತೆ. ಸೇರಿಸ್ಲಾ?"

"ಬೇಡ ಬಿಡು. ಅಲ್ಲಿ ಉತ್ತರ ಕೊಡ್ತಿದ್ದಿದ್ದು ಅಕ್ಕ ಅಲ್ಲ."

ಮರುದಿನ ಒಂಬತ್ತಕ್ಕೆ ಅವನೇ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು, ಅಕ್ಕ ಎತ್ತಲಿಲ್ಲ. ರಿಸೀವರ್ ಇಟ್ಟು, ಕನ್ನಡಕ ಒರೆಸಿಕೊಂಡು, ಮತ್ತೆ ಅದೇ ನಂಬರ್ ಒತ್ತಿದ.