ಹಲ್ಲಿನ ಸಂದಿಯ ಕರಿಜೀರಿಗೆ

ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದರೆ, ಮುಂದಿನೆರಡು ಹಲ್ಲುಗಳ ಸಂದಿಯಲ್ಲಿ ಒಂದು ಕರಿಜೀರಿಗೆ ಕಾಳು ದೃಷ್ಟಿಬೊಟ್ಟಿನಂತೆ ಕೂತಿರುತ್ತದೆ. ಅದು ಸಾರಿನದೋ ಪಲ್ಯದ್ದೋ ಹೇಳುವುದು ಕಷ್ಟ, ಏಕೆಂದರೆ ನಮ್ಮ ಮನೆಯಲ್ಲಿ ಕಾಫಿಯೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಅದಿರುತ್ತದೆ. ಕಾಫಿಗೂ ಒಮ್ಮೆ ಹಾಕಿದ್ದೆ. ಹೆಂಡತಿ ಆ ಲೋಟವನ್ನು ನನ್ನ ಕೈಗೇ ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು.

ಇದಕ್ಕೆಲ್ಲ ಮೂಲ ನನ್ನ ಹೊಟ್ಟೆ. ಕೊಳ್ಳೇಗಾಲದ ಕಚೇರಿಯೊಂದರ ಕುರ್ಚಿಗೆ ಅಂಟಿಕೊಂಡು ಸಂಪಾದಿಸಿದ ಈ ಉದರಕ್ಕೆ ಸಂಗೀತದ ಹುಚ್ಚು. ಊಟವಾದೊಡನೆ ಆಲಾಪ ಶುರುವಾದರೆ ಸಂಜೆಗೆ ತನಿ ಆವರ್ತನ. ಕರಿಜೀರಿಗೆ ವಾಯುವಿಗೆ ಒಳ್ಳೆಯದೆಂದು ಯಾರೋ ಅಂದದ್ದೇ ತಡ, ಒಗ್ಗರಣೆಯ ಅಧಿಕಾರವನ್ನು ನಾನೇ ವಹಿಸಿಕೊಂಡೆ. ಹೊಟ್ಟೆ ನಿಜಕ್ಕೂ ಹಗುರಾಯಿತೋ, ಆಯಿತೆಂದು ನಾನು ನಂಬಿದೆನೋ, ಈಗಲೂ ಖಾತ್ರಿಯಿಲ್ಲ.

ಹೀಗಿರುವಾಗ ಮಗಳು ಮೆಚ್ಚಿದ ಹುಡುಗನ ತಂದೆ ತಾಯಿ ಮಾಂಬಳ್ಳಿಯಿಂದ ಮನೆ ನೋಡಲು ಬಂದರು. ರೇಷ್ಮೆ ಹುಳು ಸಾಕುವ ಮನೆತನ. ಸಂಬಂಧ ಒಪ್ಪಿಗೆಯಾದರಷ್ಟೇ ಹೆಣ್ಣಿನ ಮನೆಯಲ್ಲಿ ಊಟ ಮಾಡುವುದು ಅವರ ಪದ್ಧತಿ. ತಟ್ಟೆ ಮುಟ್ಟದೆ ಎದ್ದರೆ ಮಾತು ಮುಗಿದಂತೆಯೇ. ನಾನಾದರೋ ಮಗಳ ಭವಿಷ್ಯವನ್ನು ಭದ್ರಪಡಿಸಲೆಂದು ಅಕ್ಕಿರೊಟ್ಟಿಯ ಹಿಟ್ಟಿಗೆ ಕರಿಜೀರಿಗೆಯನ್ನು ಧಾರಾಳವಾಗಿ ಸುರಿದಿದ್ದೆ.

ಹುಡುಗನ ತಾಯಿ ರೊಟ್ಟಿಯನ್ನು ತಿರುವಿ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಇದೇನ್ ಸಾ, ಉಳದ್ ಇಕ್ಕೆ ಉದುರ್ಸಿದಂಗದೆ? ಬೆಳಗಾದ್ರೆ ಉಳದ್ ಮನೇಲಿ ಇದ್ನೇ ಗುಡ್ಸಾಕಿ ಸಾಕಾಗೋಗದೆ!"

ಮಗಳು ನನ್ನನ್ನು ನೋಡಿದ ನೋಟಕ್ಕೆ ರೊಟ್ಟಿಯೇ ಸೀದುಹೋಗಬೇಕಿತ್ತು. ಅದು ಹುಳುವಿನ ಹಿಕ್ಕೆಯಲ್ಲವೆಂದು ಸಾಬೀತುಪಡಿಸಲು ಡಬ್ಬಿಯಿಂದಲೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಅದರ ಜಠರಮಹಾತ್ಮೆಯನ್ನು ವಿಸ್ತಾರವಾಗಿ ಬಣ್ಣಿಸಿ, ಇದನ್ನು ತಿಂದವರ ಹೊಟ್ಟೆ ತೆಪ್ಪಗಿರುತ್ತದೆ ಎಂದು ಉಪಸಂಹಾರ ಮಾಡುತ್ತಿದ್ದಂತೆ ನನ್ನ ಹೊಟ್ಟೆ ಮನೆಯೆಲ್ಲ ಕೇಳುವಂತೆ ಗುಡುಗಿತು.

ಮರುಕ್ಷಣವೇ, ಇದೇ ಶ್ರುತಿಗಾಗಿ ಕಾದಿದ್ದಂತೆ, ಹುಡುಗನ ತಂದೆಯ ಹೊಟ್ಟೆ ಮಂದ್ರಸ್ಥಾಯಿಯಲ್ಲಿ ಉತ್ತರಿಸಿತು. ಅವರು ಗಂಭೀರವಾಗಿ ಸೂರು ನೋಡತೊಡಗಿದರು. ಮೊದಲು ಕಿಸಕ್ಕೆಂದವಳು ಮಗಳು. ಆಮೇಲೆ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ರೊಟ್ಟಿ ಮುರಿದು ಬಾಯಿಗಿಟ್ಟರು.

"ನಮ್ಮನೇರ್ದೂ ಇದೇ ಪಾಡು ಕಣ್ರಿ! ಓಗುವಾಗ ಒಂದು ಪೊಟ್ಣ ನಮ್ಗೂ ಕಟ್ಕೊಡಿ, ಬೀಗ್ರೇ."

‘ಸಾ’ ಹೋಗಿ ‘ಬೀಗ್ರೇ’ ಬಂದಿತ್ತು. ನನಗೆ ಕಣ್ಣು ತುಂಬಿತು. ಕರಿಜೀರಿಗೆಯ ಘಾಟು ಎಂದು ಸುಳ್ಳು ಹೇಳಿದೆ.

ಅಂದು ತೆಗೆದ ಫೋಟೋ ಈಗ ಆ ಕನ್ನಡಿಯ ಪಕ್ಕದಲ್ಲೇ ಇದೆ. ಎಲ್ಲರೂ ಬಾಯಿತುಂಬ ನಗುತ್ತಿದ್ದೇವೆ. ನನ್ನ ಹಲ್ಲಿನ ಸಂದಿಯಲ್ಲಿ ಎಂದಿನ ಕಾಳು ಕೂತಿದೆ. ಪಕ್ಕದಲ್ಲಿ ನಿಂತ ಬೀಗಿತ್ತಿಯವರ ಹಲ್ಲಿನಲ್ಲಿ ಎರಡು.